ವೇದಾ ಸೊರೊರಿಟಿಯನ್ನು ಮನೆಗೆ ಕರೆದದ್ದು

ಅಮೆರಿಕದ ಜಾರ್ಜಿಯಾದ ಕಮ್ಮಿಂಗ್ ಊರಿನ ಕನ್ನಡ ತಾಯಂದಿರಲ್ಲಿ ಎರಡು ಪಂಗಡಗಳಿವೆ. ಮಗಳನ್ನು ದೊಡ್ಡ ಕಂಬಗಳ ಬಿಳಿ ಮನೆಯಿರುವ ಸೊರೊರಿಟಿಗೆ ಸೇರಿಸಿದವರು ಕೇಳದಿದ್ದರೂ ಆ ವಿಷಯ ಹೇಳುತ್ತಾರೆ. ಮನೆಯೇ ಇಲ್ಲದ ಸೊರೊರಿಟಿಗೆ ಮಗಳು ಸೇರಿಕೊಂಡವರು ಕೇಳಿದರೆ ಮಾತ್ರ ಹೇಳುತ್ತಾರೆ. ರೇಣುಕಾದೇವಿ ಮೊದಲನೆಯ ಪಂಗಡ. ವೇದಾ ಎರಡನೆಯದು.

ಸೊರೊರಿಟಿ ಎಂದರೆ ಕಾಲೇಜು ಹುಡುಗಿಯರ ಸಂಘ. ಒಮ್ಮೆ ಸೇರಿದರೆ ಸಾಯುವವರೆಗೂ ಅಕ್ಕತಂಗಿಯರು ಎಂಬುದು ಅದರ ನಿಯಮ. ವೇದಾಳ ಮಗಳು ಹರಿಣಿ ಸೇರಿದ್ದು ನಮ್ಮ ಕಡೆಯ ಹುಡುಗಿಯರೇ ಕಟ್ಟಿಕೊಂಡಿದ್ದ ಒಂದು ಸಣ್ಣ ಸಂಘವನ್ನು. ಹೆಸರು ಥೀಟಾ ಮ್ಯೂ ರೋ. "ಕೋನ, ಘರ್ಷಣೆ, ಸಾಂದ್ರತೆ" ಎಂದು ವೇದಾಳ ಗಂಡ ದತ್ತಾತ್ರೇಯ ಅದನ್ನು ಮಗಳಿಗೆ ಇಂಜಿನಿಯರಿಂಗ್ ಭಾಷೆಯಲ್ಲಿ ಬಿಡಿಸಿ ಹೇಳಿ, "ಮೂರೂ ನಿಮ್ಮಮ್ಮನಿಗೇ ಹೊಂದುತ್ತೆ" ಎಂದಿದ್ದ. ಅವತ್ತು ಅವನಿಗೆ ಸಿಕ್ಕಿದ್ದು ತಣ್ಣನೆಯ ಕಾಫಿ.

ಆ ವರ್ಷ, ಎಲ್ಲರೂ ಒಂದೊಂದು ಅಡುಗೆ ತರುವ ಯುಗಾದಿ ಪಾಟ್‌ಲಕ್‌ನಲ್ಲಿ, ಶಾಲೆಯ ಕೆಫೆಟೀರಿಯಾದಲ್ಲಿ, ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದಾಗ ರೇಣುಕಾದೇವಿ ಕೇಳಿದಳು.

"ಹರಿಣಿದು ಯಾವ್ದು ಅಂದ್ರಿ? ಥೀಟಾ ಏನೋ..."

"ಥೀಟಾ ಮ್ಯೂ ರೋ."

"ಎಷ್ಟು ಜನ ಇದಾರೆ?"

"ಒಂಬತ್ತು."

"ನೂರಾ ಒಂಬತ್ತಾ?"

"ಒಂಬತ್ತು."

ಲೇಆಫ್ ಆದವರ ಮನೆಯವರನ್ನು ಮಾತಾಡಿಸುವ ದನಿ ರೇಣುಕಾದೇವಿಗೆ ತಾನಾಗಿ ಬಂತು. "ಇರ್ಲಿ ಬಿಡಿ. ನಮ್ಮ ಮಗಳ ಕಡೆ ಓದು ಮುಗ್ಸಿ ಹೋದ ಹಳಬರಿದಾರಲ್ಲ, ಅಲಮ್ನೆ, ಅವ್ರು ತಿಂಗಳಿಗೊಂದ್ಸಲ ಬಂದೇ ಬರ್ತಾರೆ. ಒಬ್ರು ಇಂಟರ್ನ್‌ಶಿಪ್ ಕೊಡ್ಸಿದ್ರು. ಇನ್ನೊಬ್ರು ಲೇಕ್ ಹೌಸ್ ಕೀನೇ ಕೈಗೆ ಕೊಟ್ರು. ಹಳಬರು ಬರ್ದೇ ಇದ್ರೆ ಅದೇನು ಸೊರೊರಿಟಿ? ನಿಮ್ಮಲ್ಲಿ ಯಾರಾದ್ರೂ ಬರ್ತಾರಾ?"

"ಏಪ್ರಿಲ್‌ನಲ್ಲಿ ನಮ್ಮನೆಗೇ ಬರ್ತಿದಾರೆ" ಎಂದಳು ವೇದಾ. "ಎಲ್ಲರೂ."

ಈ ವಾಕ್ಯ ಬಾಯಿಂದ ಹೊರಡುವವರೆಗೂ ಈ ಸಂಗತಿ ವೇದಾಳಿಗೂ ಗೊತ್ತಿರಲಿಲ್ಲ.

"ಹಾಗಾದ್ರೆ ನಾನೂ ಬರ್ತೀನಿ ನೋಡೋಕೆ" ಎಂದಳು ರೇಣುಕಾದೇವಿ. "ಮೊಸರನ್ನ ತರ್ಲಾ?"

ಮರುದಿನ ಹರಿಣಿ ಬಟ್ಟೆ ಒಗೆಯಲು ಮನೆಗೆ ಬಂದಳು. ಎರಡು ಬುಟ್ಟಿ ಬಟ್ಟೆ ತಂದವಳು ಒಂದನ್ನೂ ಮೆಷಿನ್ನಿಗೆ ಹಾಕದೆ ಅದರ ಮುಂದೆ ನೆಲದ ಮೇಲೆ ಕೂತಳು. ಕೇಳಿ ಕೇಳಿ ಕೊನೆಗೆ ಬಾಯಿ ಬಿಟ್ಟಳು. ಅವಳ ಕಾಲೇಜಿನ ಘಟಕವನ್ನು ಕೇಂದ್ರ ಕಚೇರಿಯವರು ಮುಚ್ಚಲಿದ್ದರು. ಓದು ಮುಗಿಸಿ ಹೋದವರಲ್ಲಿ ಇಬ್ಬರಾದರೂ ಎದುರಿಗೆ ಬಂದು, ಸಲಹೆಗಾರರಾಗಿ ನಿಲ್ಲುತ್ತೇವೆ ಎಂದು ಸಹಿ ಹಾಕಬೇಕಿತ್ತು. ಪರಿಶೀಲನೆಗೆ ಕಚೇರಿಯ ನಿರ್ದೇಶಕಿ ಬರುವುದು ಏಪ್ರಿಲ್‌ನ ಎರಡನೇ ಶನಿವಾರ. ಹಳಬರಲ್ಲಿ ಒಬ್ಬರೂ ಸಂಪರ್ಕದಲ್ಲಿರಲಿಲ್ಲ. ಕೋವಿಡ್ ವರ್ಷ ಪದವಿ ಮುಗಿಸಿದವರು ತಮ್ಮ ತಮ್ಮ ಮನೆಯ ಡ್ರೈವ್‌ವೇಯಲ್ಲಿ ಗೌನು ತೊಟ್ಟು ಫೋಟೊ ತೆಗೆಸಿಕೊಂಡು ಹೋದವರು ಹೋದವರೇ. ಆಮೇಲೆ ಸೇರಿದ ಹುಡುಗಿಯರ ಮುಖವನ್ನೇ ಅವರು ನೋಡಿರಲಿಲ್ಲ.

"ಚೇತನ, ಮುನೀಬಾ, ಇಬ್ಬರಿಗೂ ಇಮೇಲ್ ಮಾಡಿದೆ. ಗೂಗಲ್ ಫಾರ್ಮ್ ಕಳಿಸಿದೆ. ತ್ರೀ ರಿಮೈಂಡರ್ಸ್. ನೋ ರಿಪ್ಲೈ. ಅಮ್ಮ, ನಾನು ಪ್ರೆಸಿಡೆಂಟ್. ನನ್ನ ಇಯರ್‌ನಲ್ಲೇ ಕ್ಲೋಸ್ ಆಗತ್ತೆ."

"ಫಾರ್ಮ್ ಕಳ್ಸಿದ್ರೆ ಯಾವ ಹೆಣ್ಣುಮಗಳು ಬರ್ತಾಳೆ ಹರಿಣಿ? ಮನೆಗೆ ಹೋಗಿ ಕುಂಕುಮ ಕೊಟ್ಟು ಕರೀಬೇಕು. ನಿಮ್ಮಪ್ಪನ ಸೋದರತ್ತೆ ಒಬ್ರಿದಾರೆ, ನಮ್ಮ ಮದುವೆ ಕಾರ್ಡು ಪೋಸ್ಟಲ್ಲಿ ಕಳ್ಸಿದ್ವಿ ಅಂತ ಇವತ್ತಿಗೂ ನನ್ನ ಹತ್ರ ಮಾತಾಡಲ್ಲ."

"ಅಮ್ಮ, ದಿಸ್ ಇಸ್ ನಾಟ್ ಅ ವೆಡಿಂಗ್. ಪ್ಲೀಸ್, ನೀನು ಏನೂ ಮಾಡ್ಬೇಡ."

ವೇದಾ ಬಟ್ಟೆಯನ್ನು ಮೆಷಿನ್ನಿಗೆ ತುಂಬಿದಳು. ಮಗಳಿಗೆ ಅದು ಒಪ್ಪಿಗೆಯಂತೆ ಕಂಡಿತು. ಮಕ್ಕಳು ತಾಯಂದಿರ ಮೌನವನ್ನು ಹೀಗೆ ತಪ್ಪಾಗಿ ಓದುವುದರಿಂದಲೇ ಲೋಕದ ಅನೇಕ ಕೆಲಸಗಳು ನಡೆಯುತ್ತವೆ.

ಮೂರು ವರ್ಷಗಳಿಂದ ಕೇಂದ್ರ ಕಚೇರಿಯ ಕೈಗೆ ಸಿಗದವರು ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ಸಂಜೆಯ ಕಾಫಿಯೊಳಗೆ ಸಿಕ್ಕಿದರು. ಚೇತನ ಶಾರ್ಲೆಟ್‌ನಲ್ಲಿ ತಂದೆತಾಯಿಯ ಜೊತೆ ಇದ್ದಳು. ಮುನೀಬಾಳ ಮನೆಯವರು ಅಟ್ಲಾಂಟಾ ಬಿಟ್ಟು ವರ್ಜೀನಿಯಾದ ಹರ್ನ್‌ಡನ್‌ಗೆ ಹೋಗಿದ್ದರು. ವೇದಾ ಎರಡೂ ಮನೆಗೆ ಫೋನ್ ಮಾಡಿ, "ನಿಮ್ಮ ಮಗಳ ವಿಷಯವಾಗಿ ಬರಬೇಕು ಅಂತಿದೀವಿ" ಎಂದಳು. ವಿವರವನ್ನು ಎದುರಿಗೇ ಹೇಳಿದರೆ ಮರ್ಯಾದೆ ಎಂದುಕೊಂಡು ಅಲ್ಲಿಗೆ ನಿಲ್ಲಿಸಿದಳು.

ಹೈವೇ ಒಂದನ್ನು ಬಿಟ್ಟು ವೇದಾ ಎಲ್ಲ ಕಡೆಯೂ ಕಾರು ಓಡಿಸುತ್ತಾಳೆ. ದತ್ತಾತ್ರೇಯನಿಗೆ ಆ ವಾರ ಆಫೀಸಿನ ಆನ್‌ಕಾಲ್ ಸರದಿ. ಹಾಗಾಗಿ ಕಾರು ಓಡಿಸುವ ಹೊಣೆ ಅವಳ ಅಕ್ಕನ ಮಗ ಶಶಾಂಕನ ಮೇಲೆ ಬಿತ್ತು. ಆಲ್ಫರೆಟ್ಟಾದ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಇದ್ದು, ವಾರಾಂತ್ಯಕ್ಕೆ ಚಿಕ್ಕಮ್ಮನ ಸಾರಿಗೆ ಬರುವ, ಮೂವತ್ತು ದಾಟಿದ, ಮದುವೆಯಾಗದ ಸಾಫ್ಟ್‌ವೇರ್ ಹುಡುಗ.

"ಶಾರ್ಟ್ಸ್ ಹಾಕ್ಕೊಂಡು ಬರ್ಬೇಡ. ಇಸ್ತ್ರಿ ಮಾಡಿರೋ ಶರ್ಟ್ ಹಾಕ್ಕೊ" ಎಂದಳು ವೇದಾ.

"ಡ್ರೈವ್ ಮಾಡೋಕೆ ಇಸ್ತ್ರಿ ಯಾಕೆ ಚಿಕ್ಕಮ್ಮ?"

"ಕರೆಯೋಕೆ ಹೋಗೋರು ಕರೆಯೋಕೆ ಬಂದ ಹಾಗೆ ಕಾಣ್ಬೇಕು."

ಶಾರ್ಲೆಟ್‌ನ ಬಾಗಿಲು ತೆರೆದ ಚೇತನಳ ತಂದೆ ಸಿದ್ಧಲಿಂಗೇಶ್ ಅವರ ಕಣ್ಣಿಗೆ ಬಿದ್ದದ್ದು ಇಷ್ಟು: ರೇಷ್ಮೆ ಸೀರೆ ಉಟ್ಟ ಹಿರಿಯ ಹೆಂಗಸು, ಅವಳ ಹಿಂದೆ ಇಸ್ತ್ರಿ ಶರ್ಟಿನ ಹುಡುಗ, ಹುಡುಗನ ಕೈಯಲ್ಲಿ ಬೆಳ್ಳಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು, ರವಿಕೆ ಕಣ. ಒಳಗಿನಿಂದ ಉಪ್ಪಿಟ್ಟು, ಕೇಸರಿಬಾತಿನ ಘಮ ಬರುತ್ತಿತ್ತು. ಸೊರೊರಿಟಿಯ ಬಗ್ಗೆ ಈ ಮನೆಯವರಿಗೆ ಎಷ್ಟು ಗೌರವ ಎಂದು ವೇದಾಳ ಮನಸ್ಸು ತುಂಬಿ ಬಂತು.

ಸೋಫಾದ ಅಂಚಿನಲ್ಲಿ ಕೂತು ಅವಳು ವಿಷಯಕ್ಕೆ ಬಂದಳು. "ನಿಮ್ಮ ಚೇತನ ನಮ್ಮನೆಗೆ ಬಂದು ಹಿರಿಯಳ ಸ್ಥಾನದಲ್ಲಿ ನಿಂತ್ರೆ ಸಾಕು. ನಮಗೆ ಬೇರೆ ಏನೂ ಬೇಡ."

ಗಂಡಹೆಂಡತಿ ಪರಸ್ಪರ ಮುಖ ನೋಡಿಕೊಂಡರು. ಏನೂ ಬೇಡ ಎನ್ನುವವರು ಸಿಗುವುದು ಸುಲಭವಲ್ಲ.

"ನಾವೂ ಅಷ್ಟೇ ಮೇಡಂ" ಎಂದರು ಸಿದ್ಧಲಿಂಗೇಶ್. "ಜಾತಿ ಗೀತಿ ಎಲ್ಲ ಇಲ್ಲಿಗೆ ಬಂದ್ಮೇಲೆ ಬಿಟ್ಟಾಯ್ತು. ಈಗ ಗ್ರೀನ್‌ಕಾರ್ಡ್ ಸಾಲಿನ ಪ್ರಯಾರಿಟಿ ಡೇಟ್ ಒಂದೇ ನೋಡೋದು." ಅವರು ಶಶಾಂಕನ ಕಡೆ ತಿರುಗಿದರು. "ನಿಮ್ದು ಗ್ರೀನ್‌ಕಾರ್ಡ್ ಎಲ್ಲಿಗೆ ಬಂತು?"

"ಸಾಲಲ್ಲೇ ಇದೀನಿ ಅಂಕಲ್. ನನ್ನ ಜೀವಮಾನದಲ್ಲಿ ಬರಲ್ಲ."

"ಯೋಚ್ನೆ ಮಾಡ್ಬೇಡಿ. ಚೇತನ ಸಿಟಿಜನ್."

ಶಶಾಂಕ್ ಕೇಸರಿಬಾತಿನ ಚಮಚವನ್ನು ಬಾಯಿಯ ಹತ್ತಿರ ತಂದು ಹಾಗೇ ನಿಲ್ಲಿಸಿದ. ಸಿಟಿಜನ್ ಹುಡುಗಿಯನ್ನು ಮದುವೆಯಾದವನಿಗೆ ಆ ಸಾಲಿಲ್ಲ; ಸಾಲಿನಲ್ಲಿರುವವನ ಮುಂದೆ ಯಾರೂ ಸುಮ್ಮನೆ ಆ ಮಾತು ಆಡುವುದಿಲ್ಲ. "ಅಂಕಲ್, ನಾನು ಬರೀ ಡ್ರೈವ್ ಮಾಡೋಕೆ ಬಂದಿದ್ದು" ಎಂದ.

"ನೋಡು, ಎಷ್ಟು ಸಿಂಪಲ್" ಎಂದರು ಸಿದ್ಧಲಿಂಗೇಶ್ ಹೆಂಡತಿಗೆ.

ಚೇತನ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡೇ ಮಹಡಿಯಿಂದ ಇಳಿದು ಬಂದಳು. ಆಫೀಸಿನ ಮೀಟಿಂಗ್ ನಡೆಯುತ್ತಿತ್ತು. ಮ್ಯೂಟ್ ಒತ್ತಿ, "ಹಾಯ್ ಆಂಟಿ" ಎಂದು, ತಾಯಿಯ ಕಣ್ಸನ್ನೆಗೆ ತಾಂಬೂಲ ತಗೊಂಡು, ವೇದಾಳ ಕಾಲು ಮುಟ್ಟಿ, ಮತ್ತೆ ಮಹಡಿ ಹತ್ತಿದಳು.

"ಶನಿವಾರ ಎಲ್ಲರೂ ಬರ್ಬೇಕು" ಎಂದಳು ವೇದಾ. "ಸೊರೊರಿಟಿ ಹುಡುಗೀರೂ ಇರ್ತಾರೆ."

"ಇರ್ಲಿ ಇರ್ಲಿ, ಫ್ರೆಂಡ್ಸ್ ಇದ್ರೆ ಒಳ್ಳೇದೇ. ಮನೆ ನೋಡಿದ ಹಾಗೂ ಆಯ್ತು" ಎಂದರು ಚೇತನಳ ತಾಯಿ.

ಕಾರು ಹೈವೇ ಸೇರುವಷ್ಟರಲ್ಲಿ ಶಶಾಂಕನ ಫೋನು ಮೂರು ಸಲ ಗುನುಗಿತು. ಸಿದ್ಧಲಿಂಗೇಶ್ ಲಿಂಕ್ಡ್‌ಇನ್‌ನಲ್ಲಿ ಸ್ನೇಹ ಕೋರಿದ್ದರು. ಹುಟ್ಟಿದ ವೇಳೆ ಕೇಳಿದ್ದರು. ಕೊನೆಯದಾಗಿ ಪಾಸ್‌ಪೋರ್ಟ್ ಅಳತೆಯದಲ್ಲದ ಒಂದು ಫೋಟೊ ಕೇಳಿದ್ದರು. ಶಶಾಂಕ್ ಗ್ಯಾಸ್ ಸ್ಟೇಷನ್ನಿಗೆ ತಿರುಗಿಸಿ ಕಾರು ನಿಲ್ಲಿಸಿ, ಫೋನನ್ನು ಚಿಕ್ಕಮ್ಮನ ಕೈಗೆ ಕೊಟ್ಟ.

ವೇದಾ ಓದಿದಳು. ಇನ್ನೊಮ್ಮೆ ಓದಿದಳು. ಬೆಳ್ಳಿ ತಟ್ಟೆ ನೋಡಿದಳು, ಇಸ್ತ್ರಿ ಶರ್ಟು ನೋಡಿದಳು.

"ಈಗ್ಲೇ ಫೋನ್ ಮಾಡಿ ಹೇಳಿ ಚಿಕ್ಕಮ್ಮ."

"ಹೇಳಿದ್ರೆ ಶನಿವಾರ ಬರ್ತಾರಾ?"

"ಬರಲ್ಲ."

"ಹಾಗಾದ್ರೆ ಹರಿಣಿ ಗತಿ?"

"ನನ್ನ ಗತಿ?"

"ನಿನಗೆ ಮದುವೆ ಆಗೋದಿಲ್ಲ ಕಣೋ, ಹೆದರ್ಬೇಡ" ಎಂದಳು ವೇದಾ. ಮುಂದಿನ ಆರು ಗಂಟೆ ದಾರಿಯಲ್ಲಿ ಅವಳು ಸೀಟಿನ ಬೆಲ್ಟು ಸರಿಮಾಡಿಕೊಂಡಳು, ಕಿಟಕಿ ಇಳಿಸಿದಳು, ಏರಿಸಿದಳು, ಎರಡು ಸಲ ಸಿದ್ಧಲಿಂಗೇಶ್ ನಂಬರು ಒತ್ತಿ ರಿಂಗ್ ಆಗುವ ಮೊದಲೇ ಇಟ್ಟಳು.

ಹರ್ನ್‌ಡನ್‌ನಲ್ಲಿ ಅದೇ ತಪ್ಪಾಗಬಾರದೆಂದು ಎರಡು ಮುನ್ನೆಚ್ಚರಿಕೆ ತಗೊಂಡಳು. ಕುಂಕುಮ, ತೆಂಗಿನಕಾಯಿ ಕಾರಿನಲ್ಲೇ ಬಿಟ್ಟು ಬರೀ ಮೈಸೂರುಪಾಕಿನ ಡಬ್ಬಿ ಹಿಡಿದಳು. ಶಶಾಂಕನಿಗೆ, "ತಲೆ ತಗ್ಗಿಸಿ ಕೂತಿರು. ಯಾರಿಗೂ ಕಾಣ್ಬೇಡ" ಎಂದಳು.

ಟೌನ್‌ಹೌಸುಗಳ ಬೀದಿಯಲ್ಲಿ ಜಾರ್ಜಿಯಾ ನಂಬರಿನ ಕಾರಿನೊಳಗೆ ಒಬ್ಬ ಗಂಡಸು ತಲೆ ತಗ್ಗಿಸಿ ಅಡಗಿ ಕೂತರೆ ಎಷ್ಟು ಹೊತ್ತಿನಲ್ಲಿ ಪೊಲೀಸರು ಬರುತ್ತಾರೆ ಎಂಬುದನ್ನು ತಿಳಿಯುವ ಅವಕಾಶ ಶಶಾಂಕನಿಗೆ ಅಂದು ಒದಗಿತು. ಬಹಳ ಬೇಗ ಬರುತ್ತಾರೆ.

"ಮಡಿಲಲ್ಲಿ ಏನದು?" ಎಂದು ಇಂಗ್ಲಿಷಿನಲ್ಲಿ ಕೇಳಿದ ಪೊಲೀಸ್.

"ತೆಂಗಿನಕಾಯಿ."

"ಯಾಕೆ?"

"ಆಹ್ವಾನ ಕೊಡೋಕೆ. ನಮ್ಮ ಚಿಕ್ಕಮ್ಮ ಒಳಗೆ ಹೋಗಿದ್ದಾರೆ."

"ಎಲ್ಲಿಗೆ ಆಹ್ವಾನ?"

"ಸೊರೊರಿಟಿಗೆ."

ಪೊಲೀಸ್ ಆ ಮೂವತ್ತು ದಾಟಿದ ಗಂಡಸನ್ನು ಇನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಕೆಳಗೆ ಇಳಿಯಲು ಹೇಳಿದ.

ಹೊರಗೆ ಓಡಿ ಬಂದವಳು ಮುನೀಬಾಳ ತಾಯಿ ನಾಸಿರಾ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದವಳು. "ಆಫೀಸರ್, ಇವ್ರು ನಮ್ಮನೆಗೆ ಬಂದೋರು" ಎಂದು ಅವನನ್ನು ಕಳಿಸಿ, ಬೀದಿಯಲ್ಲೇ ವೇದಾಳ ಕಡೆ ತಿರುಗಿದಳು. "ಏನ್ರೀ, ಹುಡುಗನ್ನ ಬಿಸಿಲಲ್ಲಿ ಅಡಗಿಸಿಟ್ಟು ಮೈಸೂರುಪಾಕು ಮಾತ್ರ ಒಳಗೆ ತಂದ್ರಾ? ನಮ್ಮನೆಗೆ ಬರೋದಕ್ಕೆ ಅವ್ನೇನು ಕಳ್ಳನಾ?"

ವೇದಾ ಒಳಗೆ ಹೋಗಿ ಎಲ್ಲವನ್ನೂ ಹೇಳಿದಳು. ಶಾರ್ಲೆಟ್ ಕಥೆ ಕೇಳಿ ನಾಸಿರಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುನೀಬಾ ನಗಲಿಲ್ಲ.

"ಆಂಟಿ, ಇಮೇಲ್ ಬರ್ತಿತ್ತು. 'ಡಿಯರ್ ಅಲಮ್ನಾ' ಅಂತ. ಡೊನೇಟ್ ಬಟನ್ ಇರ್ತಿತ್ತು. ಮೂರು ವರ್ಷದಲ್ಲಿ ಒಂದ್ಸಲನೂ 'ಮುನೀಬಾ, ಹೇಗಿದೀಯಾ' ಅಂತ ಯಾರೂ ಬರೀಲಿಲ್ಲ. ನಾನು ಯಾಕೆ ಬರ್ಲಿ?"

"ಇವ್ರು ಬಾಗಿಲಿಗೆ ಬಂದು ಕರೆದಿದಾರಲ್ಲ" ಎಂದಳು ನಾಸಿರಾ. "ಮನೆವರೆಗೂ ಬಂದು ಕರೆದೋರಿಗೆ ಇಲ್ಲ ಅನ್ನೋ ಪದ್ಧತಿ ನಮ್ಮಲ್ಲಿಲ್ಲ. ಶನಿವಾರ ನಾನೇ ಕರ್ಕೊಂಡ್ಬರ್ತೀನಿ. ಆ ಶಾರ್ಲೆಟ್‌ನೋರನ್ನೂ ನೋಡ್ಬೇಕು ನಾನು."

ಸಂಘಕ್ಕೆ ಮನೆಯಿಲ್ಲದ್ದರಿಂದ ಪರಿಶೀಲನೆ ವೇದಾಳ ಮನೆಯಲ್ಲೇ ಎಂದಾಗಿತ್ತು. ಶನಿವಾರ ಅವಳ ಬೇಸ್‌ಮೆಂಟಿನಲ್ಲಿ ಒಂಬತ್ತು ಹುಡುಗಿಯರು ಒಂದೇ ಬಣ್ಣದ ಸ್ವೆಟ್‌ಶರ್ಟ್ ತೊಟ್ಟು ಗೋಡೆಗೆ ಅಂಟಿ ಕೂತಿದ್ದರು. ತಾಯಿ ಏನು ಮಾಡಿದ್ದಾಳೆಂದು ತಿಳಿಯದ ಹರಿಣಿ, ನಿಜವಾಗಿಯೂ ಬರುತ್ತಾರಂತೆ ಎಂಬ ಸುದ್ದಿಗೇ ಬೆಳಗಿನಿಂದ ಹತ್ತು ಸಲ ಮೆಟ್ಟಿಲು ಹತ್ತಿ ಇಳಿದಿದ್ದಳು. ನಿರ್ದೇಶಕಿ ಮೂಲೆಯಲ್ಲಿ ಟ್ಯಾಬ್ಲೆಟ್ ತೆರೆದು ಕೂತಿದ್ದಳು. ರೇಣುಕಾದೇವಿ ಮೊಸರನ್ನದೊಂದಿಗೆ ಎಲ್ಲ ಕಾಣುವ ಕುರ್ಚಿ ಹಿಡಿದಿದ್ದಳು. ನಾಸಿರಾ, ಮುನೀಬಾ ಆಗಲೇ ಬಂದಿದ್ದರು.

ಸಿದ್ಧಲಿಂಗೇಶ್ ಹೆಂಡತಿ ಮಗಳೊಂದಿಗೆ ಬಂದವರೇ ಮನೆ ನೋಡಲು ಶುರುಮಾಡಿದರು. ದತ್ತಾತ್ರೇಯನಿಗೆ ಏನೂ ಗೊತ್ತಿರಲಿಲ್ಲ. ಅತಿಥಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ.

"ಛಾವಣಿ ಹೊಸದಾ ಸಾರ್?"

"ಹೋದ ವರ್ಷ ಹಾಕ್ಸಿದ್ದು."

"ಹುಡುಗ ಇಲ್ಲೇ ಇರ್ತಾನಾ, ಬೇರೆ ಮನೆನಾ?"

"ಬೇರೆ. ಆದ್ರೆ ಊಟಕ್ಕೆ ಇಲ್ಲೇ ಬರ್ತಾನೆ."

"ಬಹಳ ಸಂತೋಷ" ಎಂದರು ಸಿದ್ಧಲಿಂಗೇಶ್.

ಅಷ್ಟರಲ್ಲಿ ಚೇತನ ವೇದಾಳನ್ನು ಅಡುಗೆಮನೆಯ ಪ್ಯಾಂಟ್ರಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಆಂಟಿ, ಪರಿಚಯದವರ ಮನೇಲಿ ಊಟ ಅಂತ ಕರ್ಕೊಂಡ್ಬಂದ್ರು. ಗ್ರೀನ್‌ವಿಲ್ ದಾಟಿದ್ಮೇಲೆ ಅಪ್ಪ ವಿಷ್ಯ ಹೇಳಿದ್ರು. ಹೈವೇ ಮೇಲೆ ಇಳಿಯೋಕಾಗಲ್ಲ ಅಂತ ಕಾದಿದ್ರು ಅನ್ಸತ್ತೆ. ನನಗೆ ಅವರ ಜೊತೆ ಮದುವೆ ಬೇಡ. ಯಾರ ಜೊತೆನೂ ಬೇಡ, ಈಗ."

"ನನಗೂ ಬೇಡಮ್ಮ" ಎಂದಳು ವೇದಾ. ಅಕ್ಕಿ ಚೀಲಕ್ಕೆ ಒರಗಿ ನಿಂತು ಇದ್ದದ್ದನ್ನೆಲ್ಲ ಹೇಳಿದಳು. ಎರಡು ಸಹಿ ಬೇಕು, ಇಲ್ಲದಿದ್ದರೆ ಇವತ್ತೇ ಮುಚ್ಚುತ್ತಾರೆ.

ಚೇತನ ಒಂದು ಬೇಳೆ ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿದಳು. "ಸಹಿ ವಿಷ್ಯ ಆಮೇಲೆ. ಮೊದ್ಲು ಅಪ್ಪನಿಗೆ ನೀವೇ ಹೇಳಿ. ಎಲ್ಲರ ಮುಂದೆ. ನಾನು ಹೇಳಿದ್ರೆ ಮಗಳು ಹಟ ಮಾಡ್ತಾಳೆ ಅಂತಾರೆ. ನೀವು ಹೇಳಿದ್ರೆ ನಂಬ್ತಾರೆ."

ಬೇಸ್‌ಮೆಂಟಿನ ಮಧ್ಯಕ್ಕೆ ಬಂದು ನಿಂತ ವೇದಾ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬಿಚ್ಚಿದಳು, ಮತ್ತೆ ಸಿಕ್ಕಿಸಿದಳು. ಎದುರಿಗೇ ರೇಣುಕಾದೇವಿ ಕೂತಿದ್ದಳು.

"ಸಿದ್ಧಲಿಂಗೇಶ್ ಅವ್ರೇ, ನಾವು ಹೆಣ್ಣು ಕೇಳೋಕೆ ಬಂದಿರ್ಲಿಲ್ಲ. ಸೊರೊರಿಟಿಗೆ ಕರೆಯೋಕೆ ಬಂದಿದ್ವಿ. ನೀವು ಬೇರೆ ಅರ್ಥ ಮಾಡ್ಕೊಂಡ್ರಿ ಅಂತ ದಾರೀಲೇ ಗೊತ್ತಾಯ್ತು. ಹೇಳಿದ್ರೆ ನೀವು ಬರಲ್ಲ ಅಂತ ಸುಮ್ನಿದ್ದೆ. ಈ ಸಂಘಕ್ಕೆ ಹಳಬರು ಅಂತ ಒಬ್ರೂ ಬರ್ತಿರ್ಲಿಲ್ಲ. ಎಲ್ಲರೂ ಬರ್ತಾರೆ ಅಂತ ಊರಲ್ಲಿ ಜಂಬ ಕೊಚ್ಕೊಂಡಿದ್ದೂ ನಾನೇ. ತಪ್ಪಾಯ್ತು."

ಮೊಸರನ್ನದ ಚಮಚ ಪಾತ್ರೆಗೆ ತಾಗಿದ ಸದ್ದು ಕೇಳಿಸಿತು. "ಶಶಾಂಕನಿಗೆ ಹೆಣ್ಣು ನೋಡ್ತಿದ್ವಾ?" ಎಂದು ದತ್ತಾತ್ರೇಯ ಪಕ್ಕದವರನ್ನು ಕೇಳಿದ. ನಿರ್ದೇಶಕಿ, ಏನು ನಡೆಯುತ್ತಿದೆ ಎಂದು ಹರಿಣಿಯನ್ನು ಕೇಳಿದಳು. ಹರಿಣಿ ತಾಯಿಯ ಮುಖದಿಂದ ಕಣ್ಣು ಕೀಳದೆ, "ಅಲಮ್ನೆ ರಿಲೇಷನ್ಸ್" ಎಂದಳು.

ಸಿದ್ಧಲಿಂಗೇಶ್ ಎದ್ದು ನಿಂತರು. "ದಾವಣಗೆರೆಗೆಲ್ಲ ಫೋನ್ ಮಾಡಿ ಹೇಳಿದೀನಿ ಮೇಡಂ. ನಮ್ಮಣ್ಣ ಟಿಕೆಟ್ ನೋಡ್ತಿದಾನೆ." ಅವರ ದನಿ ಸಣ್ಣದಾಗಿತ್ತು. "ನಡಿ ಚೇತನ, ಹೋಗೋಣ."

ಚೇತನ ಕಾರಿನ ಕೀ ತೆಗೆದುಕೊಂಡಳು. ಆಗ ಗೋಡೆಗೆ ಅಂಟಿದ್ದ ಹುಡುಗಿಯರಲ್ಲಿ ಎಲ್ಲರಿಗಿಂತ ಕಿರಿಯವಳು ಅವಳ ಹತ್ತಿರ ಬಂದು ಇಂಗ್ಲಿಷಿನಲ್ಲಿ ಕೇಳಿದಳು. "ನೀವೇನಾ ಚೇತನ? ಐದನೇ ತಂಡದ, ಮೂರನೆಯವರು?"

"ಅದು ನಿನಗೆ ಹೇಗೆ ಗೊತ್ತು?"

"ಹೊಸಬರು ಹಿಂದಿನವರ ಹೆಸರೆಲ್ಲ ಬಾಯಿಪಾಠ ಮಾಡಲೇಬೇಕು. ತಪ್ಪಿದರೆ ಮೊದಲಿನಿಂದ ಹೇಳಬೇಕು. ನಾನು ಯಾವಾಗಲೂ ನಿಮ್ಮ ಹೆಸರಲ್ಲೇ ತಪ್ಪುತ್ತಿದ್ದೆ." ಹುಡುಗಿ ಕಣ್ಣು ಮುಚ್ಚಿ, ಮಗ್ಗಿ ಒಪ್ಪಿಸುವಂತೆ, ಒಂದೊಂದೇ ಹೆಸರು ಹೇಳತೊಡಗಿದಳು. ಉಳಿದವರೂ ದನಿ ಸೇರಿಸಿದರು. ಚೇತನಳ ಹೆಸರು ಬಂತು. ಅದರ ಹಿಂದೆಯೇ ಮುನೀಬಾಳದ್ದು.

ಮುನೀಬಾ ಎದ್ದು ಬಂದು ಚೇತನಳ ತೋಳು ಹಿಡಿದಳು. ಅವರಿಬ್ಬರೂ ಕೊನೆಯ ಸಲ ನೋಡಿಕೊಂಡಿದ್ದು ಝೂಮ್‌ನಲ್ಲಿ, ಪದವಿ ಸಮಾರಂಭದ ಹಿಂದಿನ ದಿನ; ಆಗ ನೆಟ್ ಕಡಿದು ಮುನೀಬಾಳ ಮುಖ ಅಳುತ್ತಿರುವಂತೆಯೇ ನಿಂತುಹೋಗಿತ್ತು.

"ಅಪ್ಪ, ಕೂತ್ಕೊ" ಎಂದಳು ಚೇತನ. "ಸೈನ್ ಮಾಡಿ ಬರ್ತೀನಿ."

"ಹುಡುಗ ಬೇಡ. ಸಂಘ ಬೇಕಾ?"

"ಹೌದಪ್ಪ."

ಸಿದ್ಧಲಿಂಗೇಶ್ ನಿಂತೇ ಇದ್ದರು. ಪಕ್ಕದ ಕುರ್ಚಿಯಿಂದ ನಾಸಿರಾ ಹೇಳಿದಳು, "ಕೂತ್ಕೊಳ್ಳಿ ಅಣ್ಣ. ನೀವು ನಾಲ್ಕು ಗಂಟೆ ದಾರಿ ಬಂದ್ರಿ, ನಾವು ಹತ್ತು ಗಂಟೆ ದಾರಿ ಬಂದಿದೀವಿ. ನಿಮಗೆ ಗಂಡನ್ನಾದ್ರೂ ತೋರಿಸಿದ್ರು. ನಮಗೆ ಪೊಲೀಸ್ ತೋರಿಸಿದ್ರು."

ಅವರು ಮೊದಲು ತುಟಿ ಬಿಗಿದರು. ಆಮೇಲೆ ಭುಜ ಕುಲುಕಿತು. ಕೂತರು.

ಟ್ಯಾಬ್ಲೆಟ್ಟಿನ ಮೇಲೆ ಎರಡು ಸಹಿ ಬಿದ್ದವು. ಸಹಿ ಹಾಕಿದ ಮೇಲೆ ನಿರ್ದೇಶಕಿ ಕೋಣೆಯಲ್ಲಿದ್ದ ತಂದೆತಾಯಿಯರನ್ನೂ ತಟ್ಟೆಗಳನ್ನೂ ಒಮ್ಮೆ ನೋಡಿ, ಇಡೀ ದಕ್ಷಿಣ ಪ್ರಾಂತದಲ್ಲಿ ಹಳಬರು ಕುಟುಂಬ ಸಮೇತ ಬಂದ ಘಟಕ ಇದೊಂದೇ ಎಂದಳು. ನಿಮ್ಮ ವಿಧಾನ ಏನು ಎಂದು ವೇದಾಳನ್ನು ಕೇಳಿದಳು.

"ಮನೆಗೆ ಹೋಗಿ ಹೆಸರು ಹಿಡಿದು ಕರೆದೆ" ಎಂದಳು ವೇದಾ.

"ಅಷ್ಟೇನಾ?"

"ಅಷ್ಟೇ. ಒಬ್ಬನೇ ಹುಡುಗನ್ನ ಜೊತೆಗೆ ಕರ್ಕೊಂಡು ಹೋಗ್ಬಾರ್ದು."

ರೇಣುಕಾದೇವಿ ಮೊಸರನ್ನದ ಪಾತ್ರೆ ಮುಚ್ಚಿಕೊಂಡು ವೇದಾಳ ಹತ್ತಿರ ಬಂದಳು. ಏನೋ ಹೇಳಲು ಬಾಯಿ ತೆರೆದಳು. ನೂರಾ ಎಂಬತ್ತು ಜನರ ಆ ಬಿಳಿ ಮನೆಯಲ್ಲಿ ತನ್ನ ಮಗಳ ಹೆಸರನ್ನು ಯಾರಾದರೂ ಬಾಯಿಪಾಠ ಮಾಡುತ್ತಾರೆಯೇ ಎಂದು ಕೇಳುವವಳಿದ್ದಳೋ ಏನೋ. ಕೊನೆಗೆ, "ಚಟ್ನಿಪುಡಿ ಚೆನ್ನಾಗಿತ್ತು" ಎಂದಷ್ಟೇ ಹೇಳಿ ಹೊರಟಳು.

ಹುಡುಗಿಯರು ಹೋಳಿಗೆಗೆ ಸಾಲು ನಿಂತಾಗ ಹರಿಣಿ ತಾಯಿಯ ಪಕ್ಕ ಬಂದು ನಿಂತಳು. ಏನೂ ಮಾಡಬೇಡ ಎಂದಿದ್ದ ಮಗಳು ಈಗ ತಾಯಿಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಅಮ್ಮ, ರಾಲೇ ಊರಲ್ಲಿ ಇನ್ನೊಬ್ಬರು ಅಲಮ್ನಾ ಇದಾರೆ. ನೆಕ್ಸ್ಟ್ ವೀಕೆಂಡ್ ಹೋಗೋಣ್ವಾ? ನಾನೂ ಬರ್ತೀನಿ." ಆಮೇಲೆ, ಬಾಗಿಲ ಕಡೆ ಹೆಜ್ಜೆ ಇಡುತ್ತಿದ್ದ ಶಶಾಂಕನನ್ನು ನೋಡಿ, "ಅವರಿಗೆ ಮದುವೆ ಆಗಿದೆ" ಎಂದಳು.

ಅಷ್ಟು ಹೊತ್ತೂ ತಟ್ಟೆ ಹಿಡಿದು ನಿಂತೇ ಇದ್ದ ಶಶಾಂಕ್ ಒಂದು ಕುರ್ಚಿ ಎಳೆದುಕೊಂಡು ಊಟಕ್ಕೆ ಕೂತ.